ಸಂಶೋಧನೆಯ ಹಣ ಹರಿಯುವ ದಾರಿ

ಜೀವಮಾನವೆಲ್ಲ ಹಳಗನ್ನಡದ ಪಾಠ ಹೇಳಿ ನಿವೃತ್ತನಾದವನಿಗೆ ವಿಜ್ಞಾನಿಗಳ ಹಣಕಾಸಿನ ಮಾತೇಕೆ ಎಂದು ಶ್ರೋತೃಗಳು ಕೇಳಬಹುದು. ಕೇಳುವುದು ನ್ಯಾಯವೇ. ಕಲಾ ನಿಕಾಯದ ಡೀನನಾಗಿ ಕೆಲವು ವರ್ಷ ನಾನು ವಿಶ್ವವಿದ್ಯಾನಿಲಯದ ಸಂಶೋಧನಾ ಸಮಿತಿಯಲ್ಲಿ ಕುಳಿತಿದ್ದೆ. ವಿಜ್ಞಾನವು ನನಗೆ ಅಲ್ಲಿಯೂ ತಿಳಿಯಲಿಲ್ಲ. ಹಣವು ಯಾವ ದಾರಿ ಹಿಡಿದು ಹರಿಯುತ್ತದೆಂಬುದು ಮಾತ್ರ ಸ್ವಲ್ಪ ತಿಳಿಯಿತು.

ಒಂದು ದಿನ ಮಲೆನಾಡಿನ ಕಾಲೇಜೊಂದರ ಸಸ್ಯಶಾಸ್ತ್ರದ ಅಧ್ಯಾಪಕರು, ತಿರಸ್ಕೃತವಾಗಿ ಬಂದಿದ್ದ ತಮ್ಮ ಅರ್ಜಿಯನ್ನು ನನ್ನ ಮುಂದಿಟ್ಟರು. ಅಡಕೆಯ ಕೊಳೆರೋಗವು ಮಳೆಯ ಏರಿಳಿತಕ್ಕೆ ತಕ್ಕಂತೆ ಹೇಗೆ ಹರಡುತ್ತದೆಂಬುದನ್ನು ತೋಟತೋಟಕ್ಕೆ ಹೋಗಿ ಪರೀಕ್ಷಿಸುವ ಯೋಜನೆ ಅದು. ವಿಷಯ ಉಪಯುಕ್ತವೆಂದು ಪರಿಶೀಲಕರು ಒಪ್ಪಿದ್ದರು. ಆದರೆ ಸಂಸ್ಥೆಯಲ್ಲಿ ಉಪಕರಣಗಳು ಸಾಲವು, ಅರ್ಜಿದಾರರ ಪ್ರಕಟಣೆಗಳು ಕಡಮೆ ಎಂದು ಷರಾ ಬರೆದಿದ್ದರು. “ಉಪಕರಣಕ್ಕೆಂದೇ ಅಲ್ಲವೆ ಸಾರ್, ನಾನು ಹಣ ಕೇಳಿದ್ದು?” ಎಂದರು ಅವರು. ನನ್ನಲ್ಲಿ ಉತ್ತರವಿರಲಿಲ್ಲ.

ಪರಿಶೀಲಕರು ಕೆಟ್ಟವರೆಂದು ನಾನು ಹೇಳಲಾರೆ. ಸಾರ್ವಜನಿಕರ ಹಣ, ವ್ಯರ್ಥವಾಗಬಾರದು, ಹಿಂದೆ ಕೆಲಸ ಮಾಡಿ ತೋರಿಸಿದವನಿಗೆ ಕೊಡುವುದು ಕ್ಷೇಮ. ಒಬ್ಬೊಬ್ಬರೂ ಹೀಗೆ ವಿವೇಕದಿಂದ ನಡೆದುಕೊಂಡರೂ ಒಟ್ಟಿನಲ್ಲಿ ಪಡೆದವನೇ ಮತ್ತೆ ಪಡೆಯುತ್ತಾನೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ವಿಜ್ಞಾನ ಜಗತ್ತಿನ ಈ ಒಲವಿಗೆ 1968ರಲ್ಲಿಯೇ ‘ಮತ್ತಾಯನ ಪರಿಣಾಮ’ ಎಂದು ಹೆಸರಿಟ್ಟನು. ಹೆಸರು ಬೈಬಲ್ಲಿನದು, ಅನುಭವ ಎಲ್ಲ ದೇಶದ್ದು.

ನಮ್ಮಲ್ಲಿ ಹಂಚುವ ರಾಶಿಯೇ ಸಣ್ಣದು. 2020–21ರಲ್ಲಿ ಸಂಶೋಧನೆಗೆ ದೇಶವು ವೆಚ್ಚ ಮಾಡಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇಕಡ 0.64 ಮಾತ್ರ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಹಣದಲ್ಲಿ ಸುಮಾರು ಶೇಕಡ 65 ಐಐಟಿಗಳಿಗೆ ಹೋಗುತ್ತಿದೆ, ರಾಜ್ಯಗಳ ವಿಶ್ವವಿದ್ಯಾನಿಲಯಗಳಿಗೆ ಸಿಗುತ್ತಿರುವುದು ಶೇಕಡ 11 ಎಂದು 2023ರಲ್ಲಿ ಸರ್ಕಾರವೇ ಹೇಳಿತು. ನಮ್ಮ ಮಕ್ಕಳಲ್ಲಿ ಬಹುಪಾಲಿನವರು ಓದುವುದಾದರೋ ಈ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಮತ್ತು ಅವುಗಳ ಕಾಲೇಜುಗಳಲ್ಲಿ.

ಆ ವರ್ಷವೇ ಶಾಸನವಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಆ ಮಂಡಳಿ ಲೀನವಾಯಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜು. ಅದರ ಬಹುಭಾಗ ಸರ್ಕಾರದ ಹೊರಗಿನಿಂದ ಬರಬೇಕೆಂಬುದು ಆಗಿನ ಲೆಕ್ಕ. ದೊಡ್ಡ ಸಂಸ್ಥೆಯೊಂದನ್ನು ನಡುವಿಟ್ಟು ಹಿಂದುಳಿದ ವಿಶ್ವವಿದ್ಯಾನಿಲಯಗಳನ್ನು ಅದಕ್ಕೆ ಜೋಡಿಸುವ ಯೋಜನೆಯೂ ಅದರಲ್ಲಿದೆ. ಸಂತೋಷ. ಆದರೂ ಮಾರ್ಗದರ್ಶಕನ ಕೈಯಲ್ಲಿಯೇ ಬೀಗದ ಕೈಯೂ ಉಳಿದೀತೆಂಬ ಶಂಕೆ ನನ್ನನ್ನು ಬಿಟ್ಟಿಲ್ಲ.

ಹಾಗಾದರೆ ಎಲ್ಲರಿಗೂ ಸಮನಾಗಿ ಹಂಚಿಬಿಡೋಣವೆ? ಸೂಕ್ಷ್ಮದರ್ಶಕವನ್ನು ನಾಲ್ಕು ಹೋಳು ಮಾಡಿ ಕೊಳ್ಳಲಾಗದು. ನಮ್ಮ ಕೆರೆಗಳಿಗೆ ನೀರುಗಂಟಿ ಎಂಬ ಒಬ್ಬನಿರುತ್ತಿದ್ದನು. ತೂಬಿನ ಪಕ್ಕದ ಗದ್ದೆ ಎಷ್ಟೇ ಹಸನಾಗಿದ್ದರೂ ಕೊನೆಯ ಗದ್ದೆಗೆ ಸರದಿ ಬಂದಾಗ ನೀರು ತಿರುಗಿಸುವುದು ಅವನ ಕೆಲಸ. ಕೊನೆಯ ಗದ್ದೆಯವನು ಮೊದಲು ಬೆಳೆ ತೋರಿಸಲಿ, ಆಮೇಲೆ ನೀರು ಬಿಡುತ್ತೇನೆಂದು ಅವನು ಹೇಳುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು, ಗುಣದಲ್ಲಿ ಸರಿಸಮವಾಗಿ ನಿಂತ ಅರ್ಜಿಗಳ ನಡುವೆ ಚೀಟಿ ಎತ್ತುವ ಕ್ರಮವನ್ನು 2021ರಲ್ಲಿ ಅಂಗೀಕರಿಸಿತು. ಮೊದಲು ಕೇಳಿದಾಗ ನಾನು ನಕ್ಕೆ. ಈಗ ನಗುವುದಿಲ್ಲ, ತಾರತಮ್ಯ ಕಾಣದ ಕಡೆ ಹೆಸರು ನೋಡಿ ಆರಿಸುವುದಕ್ಕಿಂತ ಅದು ಪ್ರಾಮಾಣಿಕವಾದುದು.

ಕೊಳೆರೋಗವೇನೂ ಅನಾದರಕ್ಕೆ ತಕ್ಕ ವಿಷಯವಲ್ಲ. 1908ರಲ್ಲಿ ಮೈಸೂರು ಸರ್ಕಾರವು ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ತರುಣನನ್ನು ಕರೆಸಿ ಸಂಬಳ ಕೊಟ್ಟು ನೇಮಿಸಿತು. ಆತ ಮಲೆನಾಡಿನ ತೋಟಗಳಲ್ಲಿ ಆ ರೋಗವನ್ನೇ ಅಭ್ಯಾಸ ಮಾಡಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಬೆಳೆಗಾರರಿಗೆ ಕಲಿಸಿದನು. ಇಂದಿಗೂ ಅದನ್ನೇ ಸಿಂಪಡಿಸುತ್ತಾರೆ.

ನಮ್ಮ ಅಧ್ಯಾಪಕರು ಮತ್ತೆ ಅರ್ಜಿ ಹಾಕಲಿಲ್ಲ; ಪಾಠ ಹೇಳುತ್ತಲೇ ನಿವೃತ್ತರಾದರು. ನಾಲ್ಕು ಮಳೆಗಾಲ ಸ್ವಂತ ಖರ್ಚಿನಿಂದ ತೋಟಗಳನ್ನು ಸುತ್ತಿ ಬರೆದಿಟ್ಟ ಟಿಪ್ಪಣಿಗಳು ಅವರ ಮನೆಯ ಅಟ್ಟದ ಮೇಲಿವೆ. ಹೋದ ವರ್ಷ ಹೋಗಿದ್ದಾಗ ಇಳಿಸಿ ತೋರಿಸಿದರು. ಮೊದಲನೆಯ ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು.