ಬೀರುವಿನೊಳಗಿದ್ದ ಆಕಾಶ

(ಸುವರ್ಣ ಮಹೋತ್ಸವದ ಗುರುವಂದನೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಆಡಿದ ಮಾತು)



ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ಇದಕ್ಕೆ ನಾನು ಪೂರ್ತಿ ಅರ್ಹನಲ್ಲ ಎಂದು ಹೇಳಲಿಕ್ಕೇ ಮೈಕಿನ ಮುಂದೆ ನಿಂತಿದ್ದೇನೆ.

ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿ ಒಂದು ಖಗೋಳವಿತ್ತು. ದೇಶಗಳಿರುವ ಗ್ಲೋಬ್ ಅಲ್ಲ, ನಕ್ಷತ್ರಗಳಿರುವುದು. ಒಡೆದರೆ ಸ್ಟಾಕ್ ರಿಜಿಸ್ಟರಿಗೆ ಉತ್ತರ ಹೇಳಬೇಕಲ್ಲ ಎಂಬ ಹೆದರಿಕೆಯಿಂದ ಬೀಗ ಹಾಕಿಟ್ಟಿದ್ದೆ. ವರ್ಷಕ್ಕೊಮ್ಮೆ ಹೊರತೆಗೆದು ದೂರದಿಂದ ತೋರಿಸುತ್ತಿದ್ದೆ. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, “ಸಾರ್, ಇದರಲ್ಲಿ ಮಹಾವ್ಯಾಧ ಉಲ್ಟಾ ಇದಾನೆ. ನಮ್ಮ ಕಣದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಕೆಂಪು ಆರಿದ್ರಾ ಎಡಕ್ಕಿರುತ್ತೆ, ಇಲ್ಲಿ ಬಲಕ್ಕಿದೆ” ಎಂದಳು. “ಇದನ್ನು ಮಾಡಿದವರಿಗಿಂತ ನೀನು ಬಲ್ಲವಳೇನಮ್ಮ?” ಎಂದು ಗದರಿಸಿ ಕೂರಿಸಿದೆ. ತರಗತಿಯೆಲ್ಲ ನಕ್ಕಿತು. ಆಮೇಲೆ ಆ ವರ್ಷವಿಡೀ ಅವಳು ಕೈ ಎತ್ತಲಿಲ್ಲ.

ಅವಳು ನೋಡಿದ್ದು ಸರಿ. ಮಾಡಿದವರದೂ ತಪ್ಪಲ್ಲ. ನಾವು ಆಕಾಶವನ್ನು ಒಳಗಿನಿಂದ ನೋಡುತ್ತೇವೆ, ಗೋಲವನ್ನು ಹೊರಗಿನಿಂದ. ಬಳೆಯ ಒಳಮೈ ಹೊರಮೈ ಇದ್ದ ಹಾಗೆ, ಎಡ ಬಲ ಅದಲುಬದಲಾಗುತ್ತವೆ. ಇಷ್ಟು ನನಗೆ ತಿಳಿದದ್ದು ನಿವೃತ್ತಿಯ ನಂತರ, ಪುಸ್ತಕ ಹಿಡಿದು ಕೂತಾಗ.

ಓದುತ್ತ ಹೋದರೆ ಎಂಥ ಚರಿತ್ರೆ! 499ರ ಸುಮಾರಿಗೇ ಆರ್ಯಭಟ ಹಗುರವಾದ ಮರದ ಗೋಲ ಮಾಡಿ, ಪಾದರಸ, ಎಣ್ಣೆ, ನೀರಿನ ನೆರವಿನಿಂದ ಕಾಲಕ್ಕೆ ಸರಿಯಾಗಿ ತಿರುಗಿಸಬೇಕೆಂದು ಬರೆದಿದ್ದಾನೆ. 17ನೇ ಶತಮಾನದ ಲಾಹೋರಿನಲ್ಲಿ ಒಂದೇ ಮನೆತನದವರು ತಲೆಮಾರುಗಳ ಕಾಲ ಇಂಥ ಯಂತ್ರಗಳನ್ನು ಮಾಡಿದರು. ಮೇಣದ ಅಚ್ಚು ಕರಗಿಸಿ, ಒಂದೂ ಬೆಸುಗೆಯಿಲ್ಲದ ಟೊಳ್ಳು ಲೋಹದ ಗೋಲ ಎರಕ ಹೊಯ್ಯುತ್ತಿದ್ದರು. ನಮ್ಮ ಎರಕದ ಕೆಲಸದವರಿಗೆ ಅದರ ಕಷ್ಟ ಗೊತ್ತು. ಸಾವಿರದಷ್ಟು ನಕ್ಷತ್ರ ಗುರುತಿಸಿದ ಗೋಲಗಳೂ ಇವೆ. ಕೆಲವದರಲ್ಲಿ ನಕ್ಷತ್ರಕ್ಕೊಂದು ಬೆಳ್ಳಿಯ ಚುಕ್ಕೆ.

ಅವು ಬರೀ ಅಲಂಕಾರಕ್ಕಲ್ಲ. ನಮ್ಮೂರಿನ ಅಕ್ಷಾಂಶ ಸುಮಾರು 14 ಡಿಗ್ರಿ. ಗೋಲದ ಉತ್ತರ ತುದಿಯನ್ನು ದಿಗಂತದ ಬಳೆಯಿಂದ ಅಷ್ಟೇ ಎತ್ತಿ, ಗಂಟೆಗೆ 15 ಡಿಗ್ರಿಯಂತೆ ತಿರುಗಿಸಿದರೆ ಯಾವ ನಕ್ಷತ್ರ ಎಷ್ಟು ಹೊತ್ತಿಗೆ ಹುಟ್ಟಿ ಮುಳುಗುತ್ತದೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಕೈಯಲ್ಲಿ ತಿರುಗಿಸಿದರೆ ಮಾತ್ರ! ಗೋಲಗಳಿಗೂ ವಯಸ್ಸಾಗುತ್ತದೆ: ಭೂಮಿಯ ಅಕ್ಷದ ತೊನೆದಾಟದಿಂದ 72 ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ನಕ್ಷತ್ರಗಳ ಲೆಕ್ಕ ಸರಿಯುತ್ತದೆ. ನಮ್ಮ ಶಾಲೆಯ ಐವತ್ತು ವರ್ಷಕ್ಕೆ ಇನ್ನೂ ಮುಕ್ಕಾಲು ಡಿಗ್ರಿಯೂ ಆಗಿಲ್ಲ.

ಆ ಹುಡುಗಿ ಇವತ್ತು ಮಗಳ ಕೈ ಹಿಡಿದು ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ತಾಯೀ, ಅಂದು ತಪ್ಪಿದ್ದು ನಾನು. ಎಲ್ಲರ ಮುಂದೆ ನಗಿಸಿದ್ದೆ, ಅದಕ್ಕೇ ಎಲ್ಲರ ಮುಂದೆಯೇ ಹೇಳುತ್ತಿದ್ದೇನೆ.

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಖಗೋಳವನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಬಟ್ಟೆ ಹೊದಿಸಿಲ್ಲ, ಮಕ್ಕಳು ಮುಟ್ಟಲಿ. ಊಟವಾದ ಮೇಲೆ ಹತ್ತು ನಿಮಿಷ ಮೈದಾನದ ದೀಪ ಆರಿಸಲು ಸಮಿತಿಯವರು ಒಪ್ಪಿದ್ದಾರೆ. ಈ ಜನವರಿಯ ರಾತ್ರಿ ಮಹಾವ್ಯಾಧ ಚೆನ್ನಾಗಿ ಮೇಲೆ ಬಂದಿರುತ್ತಾನೆ. ಆರಿದ್ರಾ ಯಾವ ಕಡೆಗಿದೆ ಎಂದು ಆ ಮಗುವೇ ನಮಗೆಲ್ಲ ತೋರಿಸಲಿ.