ಒಂದನೆಯ ತರಗತಿಗೆ ಸೇರಿದ್ದು ಮಗು ಮಾತ್ರವಲ್ಲ

(ದಕ್ಷಿಣ ಕನ್ನಡದ ಪಟ್ಟಣವೊಂದರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಒಂದನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳ ಹೆತ್ತವರನ್ನು ಸ್ವಾಗತಿಸಲು ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಮಾತು ಆರಂಭಿಸುವ ಮೊದಲು ಒಂದು ವಿನಂತಿಯಿದೆ. ಬಾಗಿಲ ಬಳಿ ನಿಂತಿರುವ ತಂದೆಯಂದಿರು ದಯವಿಟ್ಟು ಒಳಗೆ ಬಂದು ಕುಳಿತುಕೊಳ್ಳಬೇಕು. ಮುಂದಿನ ಎರಡು ಸಾಲುಗಳು ಖಾಲಿಯಿವೆ. ನಿಕಾಹ್‌ನ ಸಭೆಯಲ್ಲಿ ಮುಂದಿನ ಸಾಲಿಗಾಗಿ ಪೈಪೋಟಿ ನಡೆಸುವ ನಾವು ಶಾಲೆಗೆ ಬಂದಾಗ ಮಾತ್ರ ಹೊಸ್ತಿಲಲ್ಲಿ ನಿಲ್ಲುತ್ತೇವೆ. ಚಪ್ಪಲಿ ಕಳಚಬೇಕೇ ಬೇಡವೇ, ಯಾರೊಡನೆ ಮಾತನಾಡಬೇಕು, ಕನ್ನಡದಲ್ಲಿ ತಪ್ಪಾದರೆ ಏನೆಂದುಕೊಂಡಾರು ಎಂಬ ಸಂಕೋಚ ನಮ್ಮನ್ನು ಅಲ್ಲಿಯೇ ತಡೆದು ನಿಲ್ಲಿಸುತ್ತದೆ. ಇಂದು ನಾವು ಆಡಬೇಕೆಂದಿರುವ ಮಾತುಗಳು ಈ ಸಂಕೋಚದ ಕುರಿತೇ ಆಗಿವೆ.

ಉರ್ದು ಮಾತನಾಡುವ ಮನೆಗಳಲ್ಲಿ ಬಿಸ್ಮಿಲ್ಲಾ ಎಂಬ ಸಮಾರಂಭವಿದೆ. ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಹೊಸ ಬಟ್ಟೆ ತೊಡಿಸಿ, ಮೌಲವಿಯವರನ್ನು ಕರೆಸಿ, ಮೊದಲ ಅಕ್ಷರ ಹೇಳಿಕೊಟ್ಟು ಸಿಹಿ ಹಂಚುತ್ತಾರೆ. ಈ ನಾಲ್ಕರ ಲೆಕ್ಕಕ್ಕೆ ಕುರ್‌ಆನ್‌ನಲ್ಲಾಗಲಿ ಸುನ್ನತ್‌ನಲ್ಲಾಗಲಿ ಆಧಾರವಿಲ್ಲ, ಆ ವಿಚಾರ ಹಾಗಿರಲಿ. ಆದರೆ ಅದರ ಹಿಂದಿನ ಭಾವನೆಯನ್ನು ನಾವು ಗೌರವಿಸುತ್ತೇವೆ. ಮಗು ಅಕ್ಷರದ ಬಳಿಗೆ ಹೋಗುವಾಗ ಇಡೀ ಮನೆ ಅದರ ಜೊತೆಗಿರಬೇಕು ಎಂಬುದೇ ಆ ಭಾವನೆ. ಅದೇ ಮಗುವನ್ನು ಶಾಲೆಯ ಮೊದಲ ದಿನ ಆಟೋರಿಕ್ಷಾದಲ್ಲಿ ಎಂಟು ಮಕ್ಕಳ ನಡುವೆ ಕುಳ್ಳಿರಿಸಿ ಕಳುಹಿಸಿಬಿಡುತ್ತೇವೆ. ಆ ದಿನ ಸಿಹಿಯಿಲ್ಲ, ಮೌಲವಿಯವರಿಲ್ಲ, ತಂದೆಯೂ ಇಲ್ಲ.

ನಮ್ಮ ಮೊದಲ ದಿನದ ಒಂದು ನೆನಪು ಹೇಳಬೇಕು. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ. ಕನ್ನಡವನ್ನು ನಾವು ಅಂಗಡಿಯಲ್ಲಿ ಕೇಳಿದ್ದೆವು, ಆದರೆ ಆಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂತ್ರ ಬಂತು. ಇತರ ಮಕ್ಕಳು ಎದ್ದು ನಿಂತು ‘ಒಂದಕ್ಕೆ’ ಎನ್ನುತ್ತಿದ್ದರು, ಅಧ್ಯಾಪಕರು ತಲೆಯಾಡಿಸುತ್ತಿದ್ದರು, ಅವರು ಹೊರಗೆ ಓಡುತ್ತಿದ್ದರು. ಒಂದಕ್ಕೆ ಎಂದರೇನು? ಒಂದು ಎಂಬುದು ಲೆಕ್ಕವಲ್ಲವೇ? ನಾವು ತಿಳಿಯದೆ ಸುಮ್ಮನೆ ಕುಳಿತೆವು, ಚಡ್ಡಿ ಒದ್ದೆಯಾಯಿತು, ತರಗತಿ ನಕ್ಕಿತು. ಅಧ್ಯಾಪಕರೂ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ನಗು ಬಂತು, ನಕ್ಕರು. ಮೂರು ದಿನ ನಾವು ಶಾಲೆಗೆ ಹೋಗಲಿಲ್ಲ. ನಾಲ್ಕನೆಯ ದಿನ ಉಮ್ಮ ಕೈಹಿಡಿದುಕೊಂಡು ಬಂದು, ಆಡಲು ಬಾರದ ಕನ್ನಡದಲ್ಲಿ ಅಧ್ಯಾಪಕರಿಗೆ ಏನೋ ಹೇಳಿದರು. ಆ ಮಾತುಗಳು ನಮಗೆ ನೆನಪಿಲ್ಲ. ಉಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದು ಮಾತ್ರ ನೆನಪಿದೆ. ಅವರು ಬಾರದೇ ಹೋಗಿದ್ದರೆ ಇಂದು ನಾವು ಈ ವೇದಿಕೆಯಲ್ಲಿ ನಿಲ್ಲುತ್ತಿರಲಿಲ್ಲ.

ಆದುದರಿಂದ, ತಾಯಂದಿರೇ, ಎ ಬಿ ಸಿ ಡಿ ಕಲಿಸುವ ಮೊದಲು ನಿಮ್ಮ ಮಗುವಿಗೆ ನಾಲ್ಕು ವಾಕ್ಯಗಳನ್ನು ಕಲಿಸಿರಿ. ಟೀಚರ್, ಒಂದಕ್ಕೆ ಹೋಗಬೇಕು. ನನಗೆ ನೀರು ಬೇಕು. ಹೊಟ್ಟೆ ನೋಯುತ್ತಿದೆ. ನನಗೆ ಅರ್ಥವಾಗಲಿಲ್ಲ. ಕೊನೆಯ ವಾಕ್ಯವನ್ನು ಹೇಳಬಲ್ಲ ಮಗು ಅರ್ಧ ಗೆದ್ದಂತೆ.

ಅಧ್ಯಾಪಕಿಯರಲ್ಲಿಯೂ ಒಂದು ಅರಿಕೆಯಿದೆ. ನಮ್ಮ ಮಕ್ಕಳು ಮೊದಲ ಕೆಲವು ವಾರಗಳಲ್ಲಿ ಮೌನವಾಗಿರುತ್ತಾರೆ. ಮನೆಯಲ್ಲಿ ಕೋಳಿಯನ್ನು ಅಟ್ಟುತ್ತ, ಅಜ್ಜಿಯೊಡನೆ ವಾದಿಸುತ್ತ ಬೊಬ್ಬೆ ಹಾಕುವ ಹುಡುಗಿ ಇಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾಳೆ. ದಯವಿಟ್ಟು ಅದನ್ನು ದಡ್ಡತನವೆಂದು ಬರೆದಿಡಬೇಡಿ. ಅವಳ ಬಳಿ ಮಾತಿದೆ, ಆದರೆ ಅದು ಬೇರೆ ಭಾಷೆಯಲ್ಲಿದೆ. ಪ್ರವಾದಿವರ್ಯರು(ಸ) ನಮಾಝಿನಲ್ಲಿದ್ದಾಗ ಮಗುವಿನ ಅಳು ಕೇಳಿಸಿದರೆ, ತಾಯಿಯ ಸಂಕಟವನ್ನು ನೆನೆದು ನಮಾಝನ್ನೇ ಸಂಕ್ಷಿಪ್ತಗೊಳಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಮಗುವಿನ ಅಳುವಿಗಾಗಿ ನಮಾಝೇ ಚಿಕ್ಕದಾಗಬಹುದಾದರೆ ಪಾಠವೂ ಒಂದು ಘಳಿಗೆ ನಿಲ್ಲಬಹುದು.

ಭಾಷೆಯ ವಿಷಯದಲ್ಲಿ ನಮ್ಮವರಲ್ಲಿ ಎರಡು ಭಯಗಳಿವೆ. ಕನ್ನಡ ಕಲಿತರೆ ಮನೆಮಾತು ಮರೆತೀತೆಂಬುದು ಒಂದು, ಮನೆಮಾತು ಆಡಿದರೆ ಕನ್ನಡ ಬಾರದೆಂಬುದು ಇನ್ನೊಂದು. ಎರಡೂ ತಪ್ಪು. ಝೈದ್ ಬಿನ್ ಸಾಬಿತ್(ರ) ಎಂಬ ತರುಣನಿಗೆ ಯಹೂದಿಗಳ ಲಿಪಿಯನ್ನು ಕಲಿಯುವಂತೆ ಪ್ರವಾದಿವರ್ಯರು(ಸ) ಸೂಚಿಸಿದರು. ಅರ್ಧ ತಿಂಗಳೊಳಗೆ ಅದನ್ನು ಕಲಿತು ಅವರು ಪತ್ರವ್ಯವಹಾರವನ್ನೇ ವಹಿಸಿಕೊಂಡರು. ಕುರ್‌ಆನನ್ನು ಗ್ರಂಥರೂಪದಲ್ಲಿ ಸಂಗ್ರಹಿಸುವ ಹೊಣೆ ಮುಂದೆ ಬಿದ್ದದ್ದೂ ಅವರ ಹೆಗಲಿಗೇ. ಪರಭಾಷೆ ಅವರ ಅರಬಿಯನ್ನು ಕಸಿದುಕೊಳ್ಳಲಿಲ್ಲ. ನಮ್ಮದೇ ನಾಡಿನ ಉದಾಹರಣೆ ಬೇಕಿದ್ದರೆ ಬಾನು ಮುಷ್ತಾಕ್ ಇದ್ದಾರೆ. ಉರ್ದು ಮನೆಮಾತಿನ ಆ ಬಾಲಕಿ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಮಿಶನರಿ ಶಾಲೆಯೊಂದಕ್ಕೆ ಸೇರಿದಾಗ, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತು ಹಾಕಲಾಗಿತ್ತು. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. 2025ರಲ್ಲಿ ಅವರ ಕನ್ನಡ ಕತೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪದವರು ನಮ್ಮಲ್ಲಿದ್ದಾರೆ, ಆ ಚರ್ಚೆಗೆ ಬೇರೆ ವೇದಿಕೆಯಿದೆ. ಹಾಗೆಂದು ಎಲ್ಲ ಮಕ್ಕಳೂ ಅರ್ಧ ತಿಂಗಳಲ್ಲಿ ಕಲಿಯಬೇಕೆಂದು ನಾವು ಹೇಳುತ್ತಿಲ್ಲ. ಕೆಲವರಿಗೆ ಒಂದು ವರ್ಷ ಬೇಕಾದೀತು. ಆ ವರ್ಷವನ್ನು ಅವರಿಗೆ ಕೊಡಿರಿ.

ಇನ್ನು ತರಗತಿಯೊಳಗಿನ ವಿಚಾರ. ಮಗ ಶಾಲೆಯಲ್ಲಿ ಆಟವಾಡಿ ಬರುತ್ತಾನೆ, ಹೋಂವರ್ಕ್ ಇಲ್ಲ, ಪುಸ್ತಕ ತೆರೆಸುವುದಿಲ್ಲ ಎಂದು ಒಂದೆರಡು ತಿಂಗಳಲ್ಲಿ ನೀವು ದೂರುವಿರಿ. ಇಲ್ಲಿ ನಲಿ-ಕಲಿ ಪದ್ಧತಿಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, ಬಳಿಕ ರಾಜ್ಯದ ಸರಕಾರಿ ಶಾಲೆಗಳಿಗೆ ವಿಸ್ತರಿಸಿದ ಪದ್ಧತಿಯಿದು. ಮಕ್ಕಳು ಗುಂಪುಗಳಲ್ಲಿ ಕುಳಿತು, ಕಾರ್ಡುಗಳನ್ನು ಎತ್ತಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ತಮ್ಮದೇ ವೇಗದಲ್ಲಿ ಮುಂದುವರಿಯುತ್ತಾರೆ. ಹಿಂದಿದ್ದ ಮಗು ಹಿಂದಿನ ಮೆಟ್ಟಿಲಲ್ಲಿಯೇ ನಿಂತು ಕಲಿಯಬಹುದು, ಅದಕ್ಕೆ ಅವಮಾನವಿಲ್ಲ. ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಕಡಿಮೆ. ಆದರೆ ಅಧ್ಯಾಪಕರು ಸಾಕಷ್ಟಿಲ್ಲದೆಡೆ ಅದು ಕಾರ್ಡು ಜೋಡಿಸುವ ಶಾಸ್ತ್ರವಾಗಿಬಿಡುತ್ತದೆ ಎಂಬುದೂ ನಿಜ. ಹಾಗಾಗುತ್ತಿದೆಯೇ ಎಂದು ನೋಡುವುದು ನಿಮ್ಮ ಕೆಲಸ. ಅದಕ್ಕಾಗಿಯೇ ಒಳಗೆ ಬನ್ನಿ ಎಂದದ್ದು.

ನಮ್ಮ ಹಿನ್ನೆಲೆ ಮದ್ರಸದ್ದು. ಆದುದರಿಂದ ಮುಂದಿನ ಮಾತನ್ನು ಮದ್ರಸದ ವಿರೋಧವೆಂದು ಯಾರೂ ಭಾವಿಸಲಾರರು. ಆರು ವರ್ಷದ ಮಗುವನ್ನು ಬೆಳಗ್ಗೆ ಆರಕ್ಕೆ ಎಬ್ಬಿಸಿ ಮದ್ರಸಕ್ಕೆ, ಅಲ್ಲಿಂದ ನೇರವಾಗಿ ಶಾಲೆಗೆ, ಸಂಜೆ ಟ್ಯೂಶನ್‌ಗೆ ಕಳುಹಿಸಿ, ರಾತ್ರಿ ಹನ್ನೊಂದರವರೆಗೆ ಮೊಬೈಲ್ ಕೊಟ್ಟು ಕುಳ್ಳಿರಿಸುತ್ತೇವೆ. ಮರುದಿನ ಅದು ತರಗತಿಯಲ್ಲಿ ತೂಕಡಿಸಿದರೆ ಅಧ್ಯಾಪಕಿಗೆ ಕೋಪ, ಮದ್ರಸದಲ್ಲಿ ತೂಕಡಿಸಿದರೆ ಉಸ್ತಾದರಿಗೆ ಕೋಪ. ಮಗುವಿನ ಪರವಾಗಿ ಮಾತನಾಡುವವರು ಯಾರು? ಉಸ್ತಾದರೂ ಅಧ್ಯಾಪಕಿಯೂ ವರ್ಷಕ್ಕೆ ಒಮ್ಮೆಯಾದರೂ ಒಂದೆಡೆ ಕುಳಿತು ಒಂದೇ ಮಗುವಿನ ಕುರಿತು ಮಾತನಾಡಲಿ. ಜಮಾಅತ್ ಸಮಿತಿಯವರು ಮನಸ್ಸು ಮಾಡಿದರೆ ಇದು ಕಷ್ಟವಲ್ಲ. ಕಿತ್ತಳೆ ಮಾರಿ ಕೂಡಿಟ್ಟ ಹಣದಿಂದ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬರಿಗೆ 2020ರ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಶಾಲೆಯ ಮೊದಲ ತರಗತಿ ನಡೆದದ್ದು ಮದ್ರಸದ ಕಟ್ಟಡದಲ್ಲಿ. ಅಂದರೆ ಈ ಎರಡು ಬಾಗಿಲುಗಳ ನಡುವೆ ಗೋಡೆ ಕಟ್ಟಿದ್ದು ಧರ್ಮವಲ್ಲ, ನಮ್ಮ ಉದಾಸೀನ.

ನಿಮ್ಮ ಹಿಂಜರಿಕೆಗೆ ಬೇರೆ ಕಾರಣಗಳೂ ಇವೆ, ಅವನ್ನು ಮುಚ್ಚಿಡುವುದು ಅಪ್ರಾಮಾಣಿಕತೆಯಾದೀತು. 2022ರಲ್ಲಿ ಈ ಕರಾವಳಿಯಲ್ಲಿಯೇ ಹೆಣ್ಮಕ್ಕಳು ಶಿರವಸ್ತ್ರದ ಕಾರಣದಿಂದ ಕಾಲೇಜಿನ ಗೇಟಿನ ಹೊರಗೆ ನಿಲ್ಲಬೇಕಾಯಿತು. ಆ ದೃಶ್ಯವನ್ನು ಅಂದಿನ ತಾಯಂದಿರು ಮರೆತಿಲ್ಲ. ಅದೇ ವರ್ಷದ ಕೊನೆಗೆ ಕೇಂದ್ರ ಸರಕಾರವು ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ವೇತನವನ್ನು ಒಂದರಿಂದ ಎಂಟನೆಯ ತರಗತಿಯವರಿಗೆ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಿರುವಾಗ ಇವರಿಗೆ ಅದೇಕೆ ಎಂಬುದು ಕೊಟ್ಟ ಸಮರ್ಥನೆ. ಕಾಯ್ದೆಯು ಶುಲ್ಕ ಮನ್ನಾ ಮಾಡೀತು, ಆದರೆ ಕೊಡೆ, ಚಪ್ಪಲಿ, ಆಟೋ ಬಾಡಿಗೆಯನ್ನು ಕೊಡುವುದಿಲ್ಲವೆಂಬುದು ಬಡ ತಾಯಿಗೆ ಗೊತ್ತು, ದೆಹಲಿಗೆ ಗೊತ್ತಿಲ್ಲ.

ಆದರೆ ನೋವಿನ ಉತ್ತರ ಹಿಂದೆ ಸರಿಯುವುದಲ್ಲ. 2006ರ ಸಾಚಾರ್ ಸಮಿತಿ ವರದಿ ಹೇಳಿದ್ದನ್ನು ನೆನಪಿಸಿಕೊಳ್ಳಿರಿ. ಮದ್ರಸಗಳಲ್ಲಿಯೇ ಓದುವ ಮುಸ್ಲಿಮ್ ಮಕ್ಕಳು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಆದರೆ 6ರಿಂದ 14 ವರ್ಷದವರಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಮಕ್ಕಳು ಶಾಲೆಯನ್ನೇ ಕಂಡಿರಲಿಲ್ಲ ಅಥವಾ ನಡುವೆ ಬಿಟ್ಟಿದ್ದರು. ಅಂದು ಪತ್ರಿಕೆಗಳು ಮದ್ರಸಗಳ ಕುರಿತು ಚರ್ಚಿಸುತ್ತಿದ್ದವು, ಶಾಲೆಯ ಹೊರಗೆ ಉಳಿದವರ ಕುರಿತು ಅಷ್ಟೊಂದು ಚರ್ಚೆಯಾಗಲಿಲ್ಲ. ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನದ ಹತ್ತು ಹತ್ತು ಮಕ್ಕಳಿಗೆ ಓದುಬರಹ ಕಲಿಸಿ ಬಿಡುಗಡೆ ಹೊಂದಿದ ಘಟನೆ ನಿಮಗೆಲ್ಲ ತಿಳಿದಿದೆ. ಆ ಗುರುಗಳು ನಿನ್ನೆ ಖಡ್ಗ ಹಿಡಿದು ಎದುರು ನಿಂತಿದ್ದವರು. ಅವರ ಮುಂದೆ ಮಕ್ಕಳನ್ನು ಕುಳ್ಳಿರಿಸಲು ಪ್ರವಾದಿವರ್ಯರು(ಸ) ಅಂಜಲಿಲ್ಲ. ಇಲ್ಲಿರುವವರಾದರೋ ನಮ್ಮದೇ ಬೀದಿಯ ಅಧ್ಯಾಪಕಿಯರು.

2010ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕು, ಸಮಿತಿಯ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ಅದು ನಿಷೇಧಿಸಿದೆ. ನಮ್ಮಲ್ಲಿ ಎಸ್‌ಡಿಎಂಸಿ ಎಂದು ಕರೆಯುವ ಆ ಸಮಿತಿಯ ಸಭೆಗೆ ನಮ್ಮವರು ಸಹಿಗೆ ಮಾತ್ರ ಹೋಗುತ್ತಾರೆ. ಶೌಚಾಲಯಕ್ಕೆ ನೀರಿಲ್ಲವೆಂದು, ಅಧ್ಯಾಪಕರ ಹುದ್ದೆ ಖಾಲಿಯಿದೆಯೆಂದು ಕೇಳುವ ಹಕ್ಕು ನಿಮ್ಮದು. ಅಲ್ಲಿ ಕೇಳದೆ ಮಸೀದಿಯ ಕಟ್ಟೆಯಲ್ಲಿ ಕುಳಿತು ಸರಕಾರವನ್ನು ಬೈದರೆ ನಳ್ಳಿಯಲ್ಲಿ ನೀರು ಬಾರದು.

ದಾಖಲೆಯ ಕುರಿತು ಒಂದೇ ಮಾತು. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲಾತಿ, ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ಆಗಿರಲಿ. ಮುಹಮ್ಮದ್ ಎಂಬ ಪವಿತ್ರ ನಾಮವನ್ನು ನಾಲ್ಕು ಬಗೆಯಲ್ಲಿ ಬರೆಸಿ, ಇಪ್ಪತ್ತು ವರ್ಷಗಳ ಬಳಿಕ ಪಾಸ್‌ಪೋರ್ಟ್ ಕಚೇರಿಯಲ್ಲಿ ಅಫಿಡವಿಟ್ ಹಿಡಿದು ನಿಂತವರು ಈ ಸಭೆಯಲ್ಲಿಯೂ ಇದ್ದಾರೆ, ನಗುತ್ತಿದ್ದಾರೆ.

ಗಲ್ಫ್‌ನಲ್ಲಿರುವ ತಂದೆಯಂದಿರಿಗೆ ಈ ಮಾತನ್ನು ಇಂದು ರಾತ್ರಿ ತಲುಪಿಸಿರಿ. ಫೋನಿನಲ್ಲಿ ಮಾರ್ಕ್ ಎಷ್ಟೆಂದು ಕೇಳಬೇಡಿರಿ. ಇಂದು ಯಾರ ಪಕ್ಕದಲ್ಲಿ ಕುಳಿತೆ, ಬಿಸಿಯೂಟಕ್ಕೆ ಏನಿತ್ತು ಎಂದು ಕೇಳಿರಿ. ಮಗು ಬಿಸಿಯೂಟದ ಪಂಕ್ತಿಯಲ್ಲಿ ಎಲ್ಲರೊಂದಿಗೆ ಕುಳಿತು ಉಣ್ಣಲಿ. ಮನೆಯಿಂದ ಬೇರೆ ಡಬ್ಬಿ ಕಟ್ಟಿ ಅದನ್ನು ಮೂಲೆಗೆ ತಳ್ಳಬೇಡಿರಿ. ಅನ್ನ ಸಾಂಬಾರಿನಲ್ಲಿ ಸಂಶಯಪಡುವಂಥದ್ದೇನೂ ಇಲ್ಲ. ನಮ್ಮ ಮೊದಲ ಬೆಂಚಿನ ಗೆಳೆಯ ಮೊಗವೀರರ ಹುಡುಗ. ‘ಒಂದಕ್ಕೆ’ ಎಂದರೇನೆಂದು ನಮಗೆ ಕಲಿಸಿದವನು ಅವನೇ, ನಾಲ್ಕನೆಯ ದಿನ, ಸನ್ನೆ ಮಾಡಿ. ಊರಿನಲ್ಲಿ ಗಲಭೆಯಾದ ಒಂದು ರಾತ್ರಿ ನಮ್ಮ ಮನೆಗೆ ಮೊದಲು ಫೋನ್ ಮಾಡಿದವನೂ ಅವನೇ.

ಹೊರಗೆ ಮಕ್ಕಳ ಗದ್ದಲ ಜೋರಾಗುತ್ತಿದೆ, ಪಾಯಸ ತಣ್ಣಗಾಗುತ್ತಿದೆ. ಊಟದ ಬಳಿಕ ಅಧ್ಯಾಪಕಿಯರು ಪ್ರತಿಯೊಬ್ಬ ಹೆತ್ತವರನ್ನೂ ತರಗತಿಯ ಕೋಣೆಗೆ ಕರೆದೊಯ್ಯುವರು. ನಿಮ್ಮ ಮಗು ಎಲ್ಲಿ ಕುಳಿತುಕೊಳ್ಳುವುದೋ ಅಲ್ಲಿ ಒಮ್ಮೆ ಕುಳಿತು ನೋಡಿರಿ, ಶೌಚಾಲಯ ಎಲ್ಲಿದೆಯೆಂದು ಮಗುವಿನ ಕೈಹಿಡಿದು ತೋರಿಸಿಕೊಟ್ಟು ಹೋಗಿರಿ. ನಮ್ಮ ಮಾತುಗಳನ್ನು ಇಲ್ಲಿಗೆ ಮುಗಿಸುತ್ತೇವೆ.