ಬೂದಿ ಹಾಕೋ ಮುಂಚೆ ಮಣ್ಣು ಕೇಳಿ

ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನ ನಮ್ಮ ಮನೆ ತಾರಸಿಯಿಂದ ಮಾತಾಡ್ತಾ ಇದ್ದೀನಿ. ಇವತ್ತು ನಾನು ಮಾಡಿದ ಒಂದು ತಪ್ಪಿನ ಕಥೆ.

ನಮ್ಮೂರು ಸಾಗರದ ಕಡೆ. ಅಲ್ಲಿ ಬಚ್ಚಲೊಲೆ ಬೂದಿ ತೋಟಕ್ಕೇ ಹೋಗೋದು. ಕಾರಣ ಇದೆ. ಮಲೆನಾಡಿನ ಜೋರು ಮಳೆ ಮಣ್ಣಲ್ಲಿರೋ ಸುಣ್ಣದಂಶ, ಮೆಗ್ನೀಷಿಯಂ ಎಲ್ಲ ತೊಳೆದುಕೊಂಡು ಹೋಗುತ್ತೆ, ಮಣ್ಣು ಹುಳಿಯಾಗುತ್ತೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಸುಡುತ್ತೆ. ಬೂದಿಯಲ್ಲಿರೋ ಸುಣ್ಣ ಆ ಹುಳಿ ಇಳಿಸುತ್ತೆ, ಜೊತೆಗೆ ಪೊಟ್ಯಾಷ್ ಕೊಡುತ್ತೆ. ಕೊಟ್ಟಿಗೆ ಗೊಬ್ಬರ ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟು, ಮಣ್ಣು ಸಡಿಲ ಮಾಡುತ್ತೆ.

ಅಮ್ಮ ಕೊಟ್ಟ ದಾಸವಾಳದ ಕಡ್ಡಿ ಇಲ್ಲಿ ಚೆನ್ನಾಗಿ ಚಿಗುರಿತ್ತು. ಊರಿಂದ ರೈಲಲ್ಲಿ ಎರಡು ಕೇಜಿ ಬೂದಿ ಹೊತ್ತು ತಂದು, ಕುಂಡಕ್ಕೆ ಹಿಡಿ ಹಿಡಿ ಹಾಕಿದೆ. ತಿಂಗಳಲ್ಲಿ ಎಳೆಯೆಲೆ ಹಳದಿ, ನರ ಮಾತ್ರ ಹಸಿರು. ಗಾಬರಿಯಾಗಿ ಇನ್ನಷ್ಟು ಬೂದಿ ಹಾಕಿದೆ!

ಅಮ್ಮನಿಗೆ ಫೋನ್ ಮಾಡಿದರೆ, "ಅಲ್ಲೋ, ಅಲ್ಲಿಯ ಮಣ್ಣು ನಮ್ಮನೆ ಮಣ್ಣಲ್ಲ ಕಣೋ" ಅಂದರು. ಮಣ್ಣು ಪರೀಕ್ಷೆ ಮಾಡಿದೆ: ಪಿಎಚ್ 7.9. ನನ್ನ ಕುಂಡದಲ್ಲಿದ್ದದ್ದು ಗಂಗೆಯ ಮೆಕ್ಕಲು ಮಣ್ಣು, ಹುಳಿ ಮಣ್ಣಲ್ಲ. ಪುರುಲಿಯಾ, ಬಾಂಕುಡಾ ಕಡೆಯ ಕೆಂಪು ಮಣ್ಣಾಗಿದ್ದರೆ ಬೂದಿ ಕೆಲಸ ಮಾಡ್ತಿತ್ತೇನೋ. ಇಲ್ಲಿ ಕ್ಷಾರ ಏರಿ, ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗದಂತಾಗಿತ್ತು.

ಮೇಲಿನ ಮಣ್ಣು ತೆಗೆದು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಎಲೆಗೊಬ್ಬರ ತುಂಬಿದೆ. ಎರಡು ತಿಂಗಳಿಗೆ ಹೊಸ ಎಲೆ ಹಸಿರಾಗಿ ಬಂತು. ಹಳದಿಯಾದ ಎಲೆಗಳು ಮಾತ್ರ ಮತ್ತೆ ಹಸಿರಾಗಲೇ ಇಲ್ಲ.

ನಿಮ್ಮ ಮಣ್ಣು ನಿಜವಾಗಲೂ ಹುಳಿಯಾಗಿದ್ದರೆ ಇಷ್ಟು ನೆನಪಿಡಿ. ಚದರ ಮೀಟರಿಗೆ 50ರಿಂದ 75 ಗ್ರಾಂ, ವರ್ಷಕ್ಕೊಮ್ಮೆ ಸಾಕು. ಬಣ್ಣ ಬಳಿದ ಮರ, ಪ್ಲೈವುಡ್, ಕಲ್ಲಿದ್ದಲಿನ ಬೂದಿ ಬೇಡ. ಬೂದಿಯನ್ನು ಹಸಿ ಗೊಬ್ಬರದ ಜೊತೆ, ಯೂರಿಯಾ ಜೊತೆ ಕಲಸಬೇಡಿ. ಸಾರಜನಕ ಅಮೋನಿಯಾ ಆಗಿ ಹಾರಿ ಹೋಗುತ್ತೆ. ಮೊದಲು ಬೂದಿ, ಎರಡು ಮೂರು ವಾರ ಬಿಟ್ಟು ಗೊಬ್ಬರ.

ಉಳಿದ ಬೂದಿ ಈಗ ಪಾತ್ರೆ ಉಜ್ಜೋಕೆ. ದಾಸವಾಳ ಮೊನ್ನೆ ಮೊದಲ ಮೊಗ್ಗು ಬಿಟ್ಟಿದೆ, ಅಮ್ಮನಿಗೆ ಫೋಟೋ ಕಳಿಸಿದ್ದೀನಿ. ನಿಮ್ಮ ಮಣ್ಣಿನ ಪಿಎಚ್ ಎಷ್ಟು ಅಂತ ಬರೆದು ತಿಳಿಸಿ.